ಗಮ್ಮತ್ತ್ ಸೌಂಡಿನ ಹೆಡ್‌ಫೋನ್

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಸಿದ್ದಾಪುರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರಿನ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷ ನಿಂತು, ಹೋದ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಈಗ ಆ ಕೌಂಟರಿಗೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. "ಲಲಿತಕ್ಕ, ಹೆಡ್‌ಫೋನ್ ಹೇಗೆ ಆರಿಸಿಕೊಡೋದು ಅಂತ ಎರಡು ಮಾತು ಬರೆದುಕೊಡಿ" ಎಂದು ಕೇಳಿದರು. ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ ಅದು. ಅಲ್ಲದೆ ನಾನು ಹೇಳಿಕೊಡಬೇಕಾದ ಒಳ್ಳೊಳ್ಳೆಯ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಕಂಡುಕೊಂಡದ್ದಲ್ಲ, ಬೇರೊಬ್ಬನದು. ಅದನ್ನು ಬರೆಯಲು ಕೂತಾಗ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ಕ್ಯಾಸೆಟ್ ಕಾಲದಲ್ಲಿ. ತವರು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ಬೇಸಾಯಕ್ಕೆ ನಿಂತ ಮನೆತನ. ಮದುವೆಯಾಗಿ ಸಿದ್ದಾಪುರಕ್ಕೆ ಬಂದೆ. ಗಿರಾಕಿಗಳು ಚೀಟಿಯಲ್ಲಿ ಬರೆದುಕೊಟ್ಟ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ನನ್ನ ಕೆಲಸ. ಒಂದೇ ಚೀಟಿಯಲ್ಲಿ ತಮಿಳು ಎರಡು, ಮಲಯಾಳ ಮೂರು, ಕನ್ನಡ ನಾಲ್ಕು, ಕೊನೆಗೊಂದು ಹಿಂದಿ ಇರುತ್ತಿದ್ದವು. ಭಾಷೆ ಗೊತ್ತಿಲ್ಲದಿದ್ದರೂ ಹಾಡು ಸ್ವಚ್ಛವಾಗಿದೆಯೋ ಮಂಕಾಗಿದೆಯೋ ನನಗೆ ತಿಳಿಯುತ್ತಿತ್ತು.

ಟೇಪ್ ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತಿತ್ತು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಂಬಳಿ ಹೊದ್ದು ಹಾಡಿದಂತಿದ್ದ ಹಾಡು ಕಂಬಳಿ ಸರಿಸಿ ಎದ್ದು ಕೂರುತ್ತಿತ್ತು. ಇನ್ನೊಂದೆಳೆ ತಿರುಗಿಸಿದರೆ ಮತ್ತೆ ಮಂಕು. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಮೀಟರ್ ಏನೂ ಇರಲಿಲ್ಲ, ಕಿವಿಯೇ ಹೇಳಬೇಕು. ತಾಳದ ಸಣ್ಣ ಚಿಣಿಚಿಣಿ, ಗೆಜ್ಜೆಯ ತುದಿ, ಹಾಡುವವರ ಬಾಯಲ್ಲಿ 'ಸ'ಕಾರ, ಇವು ಎಲ್ಲಿ ಎದ್ದು ಕೇಳುತ್ತವೋ ಅಲ್ಲಿ ನಾನು ಕೈ ನಿಲ್ಲಿಸುತ್ತಿದ್ದೆ. ಅಮ್ಮತ್ತಿಯಿಂದ, ನೆಲ್ಯಹುದಿಕೇರಿಯಿಂದ ಜನ ಟೇಪ್ ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಓನರ್ ಅವರ ಮುಂದೆ, "ಮಿಷನ್ ಎಂಥಕ್ಕೆ? ನಮ್ಮ ಲಲಿತನ ಕಿವಿ ಉಂಟಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನಾನು ಮನೆಗೆ ನಡೆದು ಹೋದದ್ದಲ್ಲ, ಹಾರಿಕೊಂಡು ಹೋದದ್ದು.

ಕ್ಯಾಸೆಟ್ ಹೋಯಿತು, ಸಿ.ಡಿ. ಬಂದು ಅದೂ ಹೋಯಿತು, ಮೊಬೈಲ್ ಬಂತು. ಹಾಡು ತುಂಬುವ ಕೆಲಸವೇ ಇಲ್ಲದಂತಾದರೂ ನನ್ನ ಕಿವಿಗೆ ಓನರ್ ಬೇರೆ ಕೆಲಸ ಕೊಟ್ಟರು. ಮೈಸೂರಿನಿಂದ ಏಜೆಂಟ್ ಹೆಡ್‌ಫೋನ್, ಇಯರ್‌ಫೋನುಗಳ ಸ್ಯಾಂಪಲ್ ತರುತ್ತಿದ್ದ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ನಾನು ಕೂತು ಒಂದೊಂದನ್ನೇ ಹಾಕಿಕೊಂಡು ಕೇಳಬೇಕು. ನಾನು ಹೂಂ ಎಂದ ಮಾಲು ಮಾತ್ರ ಅಂಗಡಿಗೆ ಬರುತ್ತಿತ್ತು. ಸಂಬಳ ಹೆಚ್ಚಾದದ್ದು, ಹುದ್ದೆಗೆ ದೊಡ್ಡ ಹೆಸರು ಬಂದದ್ದು ಇವೆಲ್ಲ ನನಗೆ ನೆನಪಿಲ್ಲ. ಆ ಕುರ್ಚಿ ಮಾತ್ರ ಚೆನ್ನಾಗಿ ನೆನಪಿದೆ. ಮುಂದೆ ನಾನು ಮಾಡಿದ ಸಣ್ಣತನಗಳೆಲ್ಲ ಆ ಕುರ್ಚಿ ಕೈ ತಪ್ಪೀತು ಎನ್ನುವ ಭಯದಿಂದ ಮಾಡಿದವು.

ಹೊಸ ಹುಡುಗಿಯರೇ, ನಿಮ್ಮ ಬಳಿ ಬರುವ ಹತ್ತು ಗಿರಾಕಿಗಳಲ್ಲಿ ಎಂಟು ಜನ ಬಾಯಿಬಿಟ್ಟು ಕೇಳುವುದು ಒಂದೇ: "ಗಮ್ಮತ್ತ್ ಸೌಂಡ್ ಇರೋದು ಕೊಡಿ, ರೇಟ್ ಜಾಸ್ತಿ ಬೇಡ." ಈ ಗಮ್ಮತ್ತು ಎಂಬ ಪದ ನನ್ನನ್ನು ಬಹಳ ವರ್ಷ ಸತಾಯಿಸಿತು. ಮೊದಮೊದಲು ನಾನು ಗಮ್ಮತ್ತು ಎಂದರೆ ಗಲಾಟೆ ಎಂದುಕೊಂಡಿದ್ದೆ. ಒಬ್ಬ ಜೀಪ್ ಡ್ರೈವರಿಗೆ ಇದ್ದವುಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಬಡಿಯುವುದನ್ನು ಕೊಟ್ಟು ಕಳಿಸಿದೆ. ಮೂರನೆಯ ದಿನ ಬಂದು, "ಅಕ್ಕಾ, ಇದರಲ್ಲಿ ಹಾಡೋರು ಎಲ್ಲಿಗೆ ಹೋದ್ರು?" ಎಂದು ಕೇಳಿದ. ಡೋಲು ಇತ್ತು, ಹಾಡುಗಾರ ಇರಲಿಲ್ಲ. ಆಮೇಲೆ ಇನ್ನೊಂದು ತುದಿಗೆ ಹೋದೆ. ಗಮ್ಮತ್ತು ಎನ್ನುವುದು ತಿಳಿಯದವರ ಮಾತು, ಅವರಿಗೆ ಬೇಕಾದದ್ದು ಸ್ವಚ್ಛ ಸೌಂಡೇ, ಅದನ್ನು ನಾನು ಕಲಿಸುತ್ತೇನೆ ಎಂದು ತೀರ್ಮಾನಿಸಿದೆ. ಗಿರಾಕಿಗೆ ಕಲಿಸಲು ಹೊರಟ ಅಂಗಡಿಯವರನ್ನು ಗಿರಾಕಿ ನಗುನಗುತ್ತಲೇ ಬಿಟ್ಟುಹೋಗುತ್ತಾನೆ ಎಂದು ಆಗ ನನಗೆ ಯಾರೂ ಹೇಳಲಿಲ್ಲ.

ಆಗ ಬಂದವನು ಶಮೀರ್. ನೆಲ್ಯಹುದಿಕೇರಿಯವನು, ಮೂವತ್ತರ ಆಸುಪಾಸು, ಮನೆಮಾತು ಮಲಯಾಳ, ಬಾಯಲ್ಲಿ ಐದು ಭಾಷೆ. ಅವನಿಗೆ ಟ್ರೆಬಲ್ ಎಂದರೆ ಹಾಡಿನ ಮೇಲಿನ ಸಣ್ಣ, ಚೂಪು ಸೌಂಡು ಎಂದು ನಾನೇ ಹೇಳಿಕೊಟ್ಟೆ. ಹೇಳಿಕೊಟ್ಟದ್ದಕ್ಕೆ ಆರೇ ತಿಂಗಳಲ್ಲಿ ಅನುಭವಿಸಿದೆ. ಜನ ಅಂಗಡಿಯೊಳಗೆ ಬಂದು ನನ್ನ ಮುಖ ನೋಡಿ ನಕ್ಕು, ಕತ್ತು ಉದ್ದ ಮಾಡಿ ಅವನನ್ನು ಹುಡುಕತೊಡಗಿದರು.

ಅವನ ವಿದ್ಯೆ ಇಷ್ಟೇ, ಬರೆದುಕೊಳ್ಳಿ. ನಾನು ಗಿರಾಕಿಗೆ ನನ್ನ ಇಷ್ಟದ ಕೊಳಲಿನ ಟ್ರ್ಯಾಕ್ ಹಾಕಿ ಕೇಳಿಸುತ್ತಿದ್ದೆ. ಅವನು ಗಿರಾಕಿಯದೇ ಫೋನ್, ಗಿರಾಕಿಯದೇ ಹಾಡು ಹಾಕುತ್ತಿದ್ದ. ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಹೋಗಲು ಬಿಡುತ್ತಿರಲಿಲ್ಲ, ಏಕೆಂದರೆ ಜೋರಾಗಿ ಕೇಳಿದ್ದೆಲ್ಲ ಐದು ನಿಮಿಷ ಚೆನ್ನಾಗಿಯೇ ಕೇಳುತ್ತದೆ. ಗಿರಾಕಿ ಹೇಳಿದ ಬಜೆಟ್ಟಿನೊಳಗೆ ಮೂರೇ ಜೊತೆ ತೆಗೆದಿಡುತ್ತಿದ್ದ. ನಾಲ್ಕನೆಯದು ತೆಗೆದರೆ ತಲೆ ಕೆಡುತ್ತದೆ. ಮೂರರಲ್ಲಿ ಯಾವುದಕ್ಕೆ ಎಷ್ಟು ರೇಟು ಎಂದು ಕಿವಿ ಆರಿಸುವ ತನಕ ಹೇಳುತ್ತಿರಲಿಲ್ಲ. ಆಮೇಲೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಪಾದ ತಾಳ ಹಾಕಿತೋ, ಅದೇ ಗಮ್ಮತ್ತು. ಮುಖ ಸುಳ್ಳು ಹೇಳಬಹುದು, ಹೆಬ್ಬೆರಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ಅವನ ಲೆಕ್ಕ.

ಇನ್ನೊಂದು ಮಾತು ನಮ್ಮ ಕಡೆಗೇ ಸೇರಿದ್ದು, ಯಾವ ಕಂಪನಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಕಾಫಿ ತೋಟದ ಕೆಲಸಕ್ಕೆ ಹೋಗುವವರ ಬಾಯಲ್ಲಿ ಎಲೆಅಡಿಕೆ ಇರುತ್ತದೆ. ದವಡೆ ಆಡಿದ ಹಾಗೆ ಕಿವಿಯ ತೂತೂ ಆಡುತ್ತದೆ, ಒಳಗೆ ತೂರಿಸುವ ಇಯರ್‌ಫೋನ್ ಜಾರಿ ಜಾರಿ ಬೀಳುತ್ತದೆ. ನಾನು ಹತ್ತು ವರ್ಷ ಮಾಲನ್ನು ಬೈದುಕೊಂಡಿದ್ದೆ. ಶಮೀರ್ ಬಂದ ವಾರದಲ್ಲೇ, "ಚೇಚಿ, ಒಂದು ಎಲೆ ಹಾಕ್ಕೊಂಡೇ ಕೇಳಿ" ಎಂದು ಹೆಂಗಸರಿಗೆ ಹೇಳಿ, ಕಿವಿಯ ಮೇಲೆ ಕೂರುವಂಥದ್ದನ್ನು ಕೊಡತೊಡಗಿದ. ಅದೂ ಒಂದು ಕಿವಿಯಿಂದ ಸುಲಭವಾಗಿ ಹಿಂದಕ್ಕೆ ಸರಿಸುವಂತಿರಬೇಕು. ತೋಟದಲ್ಲಿ ಆನೆ ಇರುವಾಗ ಎರಡೂ ಕಿವಿ ಮುಚ್ಚಿಕೊಂಡು ಯಾರೂ ಕೆಲಸ ಮಾಡುವುದಿಲ್ಲ. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ ಎಂದು ನಾನು ಅವತ್ತು ಊಟ ಬಿಟ್ಟು ಕೂತಿದ್ದೆ.

ಹೊಟ್ಟೆಕಿಚ್ಚಿನಲ್ಲಿ ಒಂದು ದಿನ ನಾನೂ ಕಾಲು ನೋಡಲು ಹೊರಟೆ. ಮಳೆಗಾಲ. ಬಂದವರು ಒಬ್ಬ ತೋಟದ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ಹೆಡ್‌ಫೋನ್ ಹಾಕಿಸಿ, ಹಾಡು ಹಾಕಿ, ಕೌಂಟರಿನ ಮೇಲೆ ಬಗ್ಗಿ ಅವರ ಪಾದವನ್ನೇ ದಿಟ್ಟಿಸಿದೆ. ಅವರು ಒಂದು ನಿಮಿಷ ತಡೆದರು. ಆಮೇಲೆ ಗಾಬರಿಯಿಂದ ಪ್ಯಾಂಟ್ ಮೇಲೆತ್ತಿ, "ಎಂಥ, ಜಿಗಣೆ ಉಂಟಾ?" ಎಂದು ಕೇಳಿದರು. ಇಲ್ಲ ಎಂದರೂ ಸಮಾಧಾನವಾಗದೆ ಶೂ ಬಿಚ್ಚಿ, ಕಾಲುಚೀಲ ಕೊಡವಿ ಹುಡುಕಿದರು. ಹೆಡ್‌ಫೋನ್ ಕೊಳ್ಳಲಿಲ್ಲ. ಶಮೀರ್ ಗೋಡೆಯ ಕಡೆ ತಿರುಗಿ ನಿಂತಿದ್ದ, ಭುಜ ಅಲುಗುತ್ತಿತ್ತು.

ಆದರೆ ನನಗೆ ನಿಜವಾಗಿ ಚುಚ್ಚಿದ್ದು ಸೆಲ್ವಿಯ ವಿಷಯ. ಸೆಲ್ವಿ ತೋಟದ ಆಳುಗಳಿಗೆ ಕಟ್ಟಿಸಿದ ಲೈನ್ ಮನೆಯಲ್ಲಿರುವ ತಮಿಳು ಹೆಂಗಸು. ಕ್ಯಾಸೆಟ್ ಕಾಲದಿಂದ ನನ್ನ ಗಿರಾಕಿ, ಅವಳ ಮದುವೆಯ ಹಾಡುಗಳನ್ನೂ ತುಂಬಿಕೊಟ್ಟವಳು ನಾನೇ. ಒಂದು ಭಾನುವಾರ ಬಂದು ಕೌಂಟರಿನಲ್ಲಿ ನನ್ನನ್ನು ನೋಡಿಯೂ, "ತಂಬಿ ಇಲ್ವಾ ಅಕ್ಕಾ?" ಎಂದು ಶಮೀರನನ್ನು ವಿಚಾರಿಸಿದಳು.

"ನಾನಿದ್ದೀನಲ್ಲ, ನಾನು ಕಣ್ಣಿಗೆ ಕಾಣಿಸ್ತಿಲ್ವಾ?" ಎಂದೆ.

"ಅಯ್ಯೋ ಅಕ್ಕಾ, ಹಂಗಲ್ಲ" ಎಂದು ಪಾಪ ಕೂತಳು. ನಾನು ಹಟಕ್ಕೆ ಬಿದ್ದು ನಾನು ಮೆಚ್ಚಿ ತರಿಸಿದ್ದ ಹೆಡ್‌ಫೋನನ್ನೇ ಅವಳಿಗೆ ಕೊಟ್ಟು ಕಳಿಸಿದೆ. ಗಾಜಿನಷ್ಟು ಸ್ವಚ್ಛ, ಕೇಳಿ ನೋಡು ಎಂದೆ. ಅವಳು ಕೇಳಿ ತಲೆಯಾಡಿಸಿದಳು. ಕಣ್ಣು ಸ್ವಲ್ಪ ಕಿರಿದು ಮಾಡಿದ್ದಳು, ಅದನ್ನು ನಾನು ಸಂತೋಷ ಎಂದುಕೊಂಡೆ. ಮುಂದಿನ ಭಾನುವಾರ ನಾನು ಊಟ ಮುಗಿಸಿ ಬರುವಾಗ ಅವಳು ಅದೇ ಡಬ್ಬಿ ಹಿಡಿದು ಶಮೀರನ ಜೊತೆ ಪಿಸಪಿಸ ಮಾತಾಡುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು. ಬೇರೆ ಗಿರಾಕಿಗಳ ಜೊತೆಗೂ ಅವನು ಹೀಗೆ ಪಿಸುಗುಟ್ಟುವುದನ್ನು ಮೊದಲೇ ಕಂಡಿದ್ದೆ. ಅವನು ನನ್ನವರನ್ನೆಲ್ಲ ಒಬ್ಬೊಬ್ಬರಾಗಿ ತನ್ನ ಕಡೆ ಎಳೆಯುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಆ ವಾರದಲ್ಲೇ ಇನ್ನೊಂದು ನಡೆಯಿತು. ಮಳೆ ಹಿಡಿಯುವ ಮುಂಚಿನ ದಿನಗಳು. ಸಂಜೆ ಐದರ ಚಾ ಹಿಡಿದು ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದೆ. ಹಿಂದೆ ತೋಟ, ಸಿಲ್ವರ್ ಮರಗಳು. "ನೋಡು ಶಮೀರ್, ಈ ತೋಟದೋರು ಔಷಧಿ ಹೊಡ್ದು ಹೊಡ್ದು ಜೀರುಂಡೆನೆಲ್ಲ ಸಾಯಿಸಿಬಿಟ್ರು. ಮೊದ್ಲು ಈ ಹೊತ್ತಲ್ಲಿ ಕಿವಿ ಕಿತ್ತೋಗೋ ಹಂಗೆ ಕೂಗ್ತಿದ್ವು. ಎರಡು ವರ್ಷದಿಂದ ಒಂದೂ ಇಲ್ಲ" ಎಂದೆ.

ಶಮೀರ್ ತೋಟದ ಕಡೆ ನೋಡಿದ, ನನ್ನನ್ನು ನೋಡಿದ. ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಹೌದಕ್ಕಾ. ಕಮ್ಮಿ ಆಗಿದೆ" ಎಂದ. ಅವನು ನನ್ನ ಮಾತು ಒಪ್ಪಿದ್ದು ಅಪರೂಪ, ನನಗೆ ಖುಷಿಯಾಯಿತು.

ಮರುದಿನದಿಂದ ಅವನು ಸ್ಯಾಂಪಲ್ ಕೇಳುವ ಕೋಣೆಗೆ ಬರತೊಡಗಿದ. "ನಾನೂ ಕಲೀತೀನಿ ಅಕ್ಕಾ" ಎಂದು ನನ್ನ ಕುರ್ಚಿಯ ಪಕ್ಕ ನಿಲ್ಲುತ್ತಿದ್ದ. ನಾನು ಒಂದನ್ನು ಮೆಚ್ಚಿ ತೆಗೆದಿಟ್ಟರೆ ಇನ್ನೊಂದನ್ನು ಮೆಲ್ಲಗೆ ಮುಂದೆ ತಳ್ಳುತ್ತಿದ್ದ. "ಇದನ್ನೂ ಒಂದ್ಸಲ ಕೇಳಿ. ಕೆಳಗಿನ ಡೋಲಿನ ಪೆಟ್ಟು ತುಂಬಿ ಬರ್ತದೆ, ಹಾಡೋರು ಹತ್ತಿರ ಇದ್ದಾರೆ, ಮೇಲಿನ ಸೌಂಡು ಚುಚ್ಚೋದಿಲ್ಲ. ಗಮ್ಮತ್ತ್ ಉಂಟು."

"ಮಂಕು" ಎಂದೆ. ನನಗೆ ಅದು ನಿಜಕ್ಕೂ ಕಂಬಳಿ ಹೊದ್ದಂತೆಯೇ ಕೇಳಿಸಿತು.

ಅವನು ಕುರ್ಚಿಗೇ ಕೈ ಹಾಕಿದ ಎಂದು ನಾನು ನೇರ ಓನರ್ ಬಳಿ ಹೋದೆ. ನನ್ನ ಗಿರಾಕಿಗಳನ್ನು ತಿರುಗಿಸುತ್ತಾನೆ, ನನ್ನ ಆಯ್ಕೆಗೆ ಅಡ್ಡ ಬರುತ್ತಾನೆ ಎಂದು ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ಹೇಳಿದೆ. ಓನರ್ ನ್ಯಾಯವಂತರು. ಎರಡು ಮಾಡೆಲನ್ನೂ ಒಂದೊಂದು ಪೆಟ್ಟಿಗೆ ತರಿಸಿದರು. ರೇಟು ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಮಧ್ಯಮದ್ದು. "ಲಲಿತ ಆರಿಸಿದ್ದು ಲಲಿತ ಮಾರಲಿ, ಶಮೀರ್‌ದು ಶಮೀರ್ ಮಾರಲಿ. ಯಾರದ್ದು ವಾಪಸ್ ಬರ್ತದೆ ನೋಡುವ" ಎಂದರು. ನಮ್ಮ ಅಂಗಡಿಯಲ್ಲಿ ಮಾರಿದವರು ಡಬ್ಬಿಯ ಮುಚ್ಚಳದ ಒಳಗೆ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯುವ ಪದ್ಧತಿ. ವಾಪಸ್ ಬಂದ ಡಬ್ಬಿಗಳು ಮೂಲೆಯ ರ‍್ಯಾಕಿನಲ್ಲಿ ಸೇರುತ್ತಿದ್ದವು.

ಮೂರು ವಾರ ಕಳೆದು ಓನರ್ ರ‍್ಯಾಕಿನ ಡಬ್ಬಿಗಳ ಮುಚ್ಚಳ ಮಾತ್ರ ತೆರೆದು ನೋಡಿದರು. 'ಲ' ಎಂದು ಬರೆದದ್ದು ಒಂದೂ ಇಲ್ಲ. ಇದ್ದವೆಲ್ಲ 'ಶ'. "ಎಂಥ ಶಮೀರ್, ದೊಡ್ಡ ಮಾತಾಡಿದೆಯಲ್ಲ? ಇನ್ನು ಆ ಕೋಣೆ ಕಡೆ ಹೋಗ್ಬೇಡ" ಎಂದು ಗಿರಾಕಿಗಳ ಮುಂದೆಯೇ ಗದರಿದರು. ಅವನು ತಲೆ ತಗ್ಗಿಸಿ ಕೇಬಲ್ ಸುತ್ತುತ್ತಿದ್ದ. ನನಗೆ ಆದ ಸಂತೋಷ ಹೇಳತೀರದು. ಮನೆಗೆ ಹೋಗುವಾಗ ಕಾಲು ಕೆ.ಜಿ. ಮೈಸೂರುಪಾಕು ಕಟ್ಟಿಸಿಕೊಂಡೆ.

ಮೈಸೂರುಪಾಕಿನ ಪೊಟ್ಟಣ ಕೈಯಲ್ಲಿರುವಾಗಲೇ ಅಮ್ಮತ್ತಿ ರಸ್ತೆಯ ಬಸ್ ಸ್ಟಾಪಿನಲ್ಲಿ ಸೆಲ್ವಿ ಸಿಕ್ಕಳು. ಕತ್ತಿನಲ್ಲಿ ಹೆಡ್‌ಫೋನ್ ನೇತಾಡುತ್ತಿತ್ತು. ನಾನು ಕೊಟ್ಟದ್ದಲ್ಲ, ಶಮೀರ್ ಮೆಚ್ಚಿದ ಆ ಮಂಕಿನದು. ಗೆದ್ದ ಗತ್ತಿನಲ್ಲಿ, "ನಾನು ಕೊಟ್ಟಿದ್ದು ಎಲ್ಲಿ?" ಎಂದು ಕೇಳಿದೆ.

ಅವಳು ಮನೆಯಲ್ಲಿದೆ ಎಂದಳು. ಆಮೇಲೆ ಸುಳ್ಳು ನಾಲಿಗೆಗೆ ಹೊಂದದೆ, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅದು ಕಿವಿಗೆ ಸೂಜಿ ಹಾಕ್ದಂಗೆ ಆಗ್ತಿತ್ತು. ಅರ್ಧ ಗಂಟೆ ಹಾಕಿದ್ರೆ ತಲೆನೋವು. ಹೊಸ ಮಾಲು ಬಂದ್ಮೇಲೆ ತಂಬಿ ಬದಲಿಸಿ ಕೊಟ್ರು. ನಮ್ಮ ಲೈನ್‌ನಲ್ಲಿ ಇನ್ನೂ ನಾಲ್ಕು ಜನಕ್ಕೆ ಬದಲಿಸಿದ್ರು" ಎಂದಳು.

"ನನ್ನತ್ರ ಯಾಕೆ ಬರ್ಲಿಲ್ಲ?"

"ತಂಬಿನೇ ಬೇಡ ಅಂದ್ರು. ಅಕ್ಕನಿಗೆ ಹೇಳ್ಬೇಡಿ, ಅವರಿಗೆ ಸಣ್ಣ ಸೌಂಡು ಈಗ ಕೇಳ್ಸಲ್ಲ, ಗೊತ್ತಾದ್ರೆ ನೊಂದ್ಕೋತಾರೆ ಅಂದ್ರು."

ನನಗೆ ಸಿಟ್ಟು ಬಂತು. ನನ್ನ ಕಿವಿ ಕೆಟ್ಟಿದೆ ಎಂದು ಲೈನ್ ಮನೆಯವರೆಗೂ ಸಾರಿದನಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಸೆಲ್ವಿ ಕೈಯನ್ನು ಕಿವಿಗೆ ಅಡ್ಡ ಹಿಡಿದು, "ಸ್ವಲ್ಪ ಜೋರಾಗಿ ಹೇಳಿ ಅಕ್ಕಾ, ಈ ಜೀರುಂಡೆ ಗಲಾಟೆಲಿ ಒಂದೂ ಕೇಳ್ತಿಲ್ಲ" ಎಂದಳು.

ನಾನು ರಸ್ತೆಯ ಎರಡೂ ಬದಿಯ ಮರಗಳನ್ನು ನೋಡಿದೆ. ಬಸ್ಸಿನ ಸದ್ದು ಕೇಳುತ್ತಿತ್ತು, ಹೋಟೆಲಿನ ಲೋಟದ ಸದ್ದು ಕೇಳುತ್ತಿತ್ತು, ಸೆಲ್ವಿಯ ಮಾತು ಕೇಳುತ್ತಿತ್ತು. ಮರಗಳಿಂದ ಏನೂ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಹಿಂಬಾಗಿಲಿಂದ ಒಳಗೆ ಹೋಗಿ ರ‍್ಯಾಕಿನ ಡಬ್ಬಿಗಳನ್ನು ತೆರೆದೆ. ಮುಚ್ಚಳಗಳಲ್ಲಿ 'ಶ', ಡಬ್ಬಿಗಳು ಅವನವು. ಒಳಗಿದ್ದ ಹೆಡ್‌ಫೋನುಗಳೆಲ್ಲ ನನ್ನವು. ಸ್ವಚ್ಛ ಎಂದು ನಾನು ಹಟ ಹಿಡಿದು ತರಿಸಿದ ಮಾಡೆಲ್. ಗಿರಾಕಿಗಳು ಹಿಂತಿರುಗಿಸಿದ್ದನ್ನು ಅವನು ತನ್ನ ಡಬ್ಬಿಗೆ ಹಾಕಿಟ್ಟಿದ್ದ, ನನ್ನ ಡಬ್ಬಿಗಳನ್ನು ಎಸೆದಿದ್ದ. ಸಣ್ಣ ಸೌಂಡಿಗೆ ಕಿವಿ ಮಂಕಾದವಳಿಗೆ ಸರಿಯಾಗಿ ಕೇಳಬೇಕಾದರೆ ಸೌಂಡು ಸೂಜಿಯಷ್ಟು ಚೂಪಾಗಿರಬೇಕಿತ್ತು. ಅಂಥದ್ದನ್ನೇ ಹುಡುಕಿ ಹುಡುಕಿ, ಎರಡು ವರ್ಷ ಊರವರ ಕಿವಿಗೆ ಚುಚ್ಚಿದ್ದೆ. ಇದನ್ನು ನೀವು ನೆನಪಿಡಿ: ನಿಮ್ಮ ಕಿವಿಯನ್ನು ನಂಬಿ, ಆದರೆ ವರ್ಷಕ್ಕೊಮ್ಮೆ ಅದನ್ನು ಡಾಕ್ಟರಿಗೆ ತೋರಿಸಿ.

ಶಮೀರ್ ಬಂದು ಶಟರ್ ಎತ್ತಿದ. ಡಬ್ಬಿಗಳು ಕೌಂಟರಿನ ಮೇಲೆ ತೆರೆದಿದ್ದವು, ಅವನಿಗೆ ತಿಳಿಯಿತು.

"ನನಗೆ ಯಾಕೋ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನಂಬ್ತಿದ್ರಾ ಅಕ್ಕಾ? ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂತಿದ್ರಿ."

ಹೌದು, ಹಾಗೇ ಅನ್ನುತ್ತಿದ್ದೆ. ಇರುವ ಹೊಟ್ಟೆಕಿಚ್ಚೆಲ್ಲ ನನ್ನದೇ ಆಗಿದ್ದರಿಂದ ಬೇರೆ ಯಾವ ಕಾರಣವೂ ನನಗೆ ತೋಚುತ್ತಿರಲಿಲ್ಲ. ಓನರ್ ಗದರಿದಾಗಲಾದರೂ ಬಾಯಿ ಬಿಡಬಹುದಿತ್ತಲ್ಲ ಎಂದೆ. "ಬಿಡಿ ಅಕ್ಕಾ, ನಿಮಗೆ ಇನ್ನು ಒಂದೂವರೆ ವರ್ಷ ಸರ್ವಿಸ್ ಉಂಟಲ್ಲ. ಹೀಗೇ ಸುಧಾರಿಸಿದ್ರೆ ಆಯ್ತು" ಎಂದು ಡಬ್ಬಿಗಳನ್ನು ಮುಚ್ಚತೊಡಗಿದ.

ಇಲ್ಲಿ ಕಣ್ಣೀರು ಬಂತು, ಹೊಟ್ಟೆಕಿಚ್ಚು ಕರಗಿತು ಎಂದು ಬರೆದರೆ ನಿಮಗೆ ಚೆನ್ನಾಗಿರುತ್ತದೆ. ನಿಜ ಹಾಗಿಲ್ಲ. ಅಲ್ಲಿಯವರೆಗೆ ಅವನ ಕಿವಿಯ ಮೇಲೆ, ಅವನ ಐದು ಭಾಷೆಗಳ ಮೇಲೆ, ಅವನನ್ನು ಹುಡುಕಿ ಬರುವ ಜನರ ಮೇಲೆ ನನಗೆ ಕಿಚ್ಚಿತ್ತು. ಆ ಬೆಳಿಗ್ಗೆಯಿಂದ ಅವನ ಒಳ್ಳೆಯತನದ ಮೇಲೂ ಶುರುವಾಯಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಆ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಓನರನ್ನು ಕೈಹಿಡಿದು ಕರೆತಂದು ತೋರಿಸುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅಷ್ಟು ಉರಿಯಿತು.

ಸುಮ್ಮನಿದ್ದಿದ್ದರೆ ಒಂದೂವರೆ ವರ್ಷ ಕುರ್ಚಿ ನನ್ನದೇ. ಆದರೆ ಮುಂದಿನ ಮಾಲಿನ ಆರ್ಡರ್ ಕೊಡುವ ದಿನ ಹತ್ತಿರ ಬಂದಿತ್ತು. ನಾನು ಹೂಂ ಎಂದರೆ ಇನ್ನೊಂದಷ್ಟು ಸೂಜಿಗಳು ಬರುತ್ತವೆ, ಶಮೀರ್ ಇನ್ನೊಂದಷ್ಟು ಬೈಸಿಕೊಳ್ಳುತ್ತಾನೆ, ನಾನು ಇನ್ನೊಂದಷ್ಟು ಮೈಸೂರುಪಾಕು ತಿನ್ನಬೇಕು. ಅದನ್ನು ನೆನೆಸಿಕೊಂಡರೆ ಬಾಯೆಲ್ಲ ಕಹಿ. ಹನ್ನೊಂದು ಗಂಟೆಗೆ ಓನರ್ ಬಂದು ತಮ್ಮ ಜಾಗದಲ್ಲಿ ಕೂತರು. ನಾನು ಎದುರು ನಿಂತು, ವಾಪಸ್ ಬಂದದ್ದೆಲ್ಲ ನನ್ನ ಮಾಲು ಎಂದೂ, ನನ್ನ ಕಿವಿ ಮೊದಲಿನ ಹಾಗಿಲ್ಲ ಎಂದೂ ಹೇಳಿದೆ. ಇಷ್ಟು ಹೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಓನರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಹಾಗಾದ್ರೆ ಆ ಕೋಣೆಯಲ್ಲಿ ಯಾರನ್ನು ಕೂರಿಸುವ? ನೀನೇ ಹೇಳು ಲಲಿತ" ಎಂದರು.

ನಾನು ಶಮೀರನ ಹೆಸರು ಹೇಳಿದೆ. ಹೇಳಿದ್ದು ನೆಲಕ್ಕೆ.

"ಎಂಥ? ಕೇಳಿಸ್ಲಿಲ್ಲ" ಎಂದರು.

ಎರಡನೆಯ ಸಲ ಹೇಳಬೇಕಾಯಿತು.